ಅಧ್ಯಯನ ಟಿಪ್ಪಣಿ: ಸುಲಭದ ಕರೆಗಳು ಯಂತ್ರದ ಪಾಲಾದಾಗ

ಹೊರಗುತ್ತಿಗೆಯ ಕಾಲ್ ಸೆಂಟರ್ ಕೆಲಸವನ್ನು ಕೃತಕ ಬುದ್ಧಿಮತ್ತೆ ನುಂಗಿಬಿಡುತ್ತದೆಯೇ ಎಂಬ ಪ್ರಶ್ನೆ ಬಂದರೆ ಹೌದು, ಇಲ್ಲ ಎಂದಷ್ಟೇ ಬರೆದು ಕೈತೊಳೆದುಕೊಳ್ಳಬೇಡಿ. ಯಾವ ಕರೆ ಯಂತ್ರಕ್ಕೆ ಹೋಗುತ್ತದೆ, ಯಾವುದು ಮನುಷ್ಯರಿಗೆ ಉಳಿಯುತ್ತದೆ ಎಂಬಲ್ಲಿಂದ ಉತ್ತರ ಆರಂಭಿಸಿ.

ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ದಿನಕ್ಕೆ 100 ಕರೆಗಳು. ಅವುಗಳಲ್ಲಿ 60 ಸುಲಭದವು: ಪಾಸ್‌ವರ್ಡ್ ಬದಲಾವಣೆ, ಖಾತೆಯ ಬಾಕಿ, ಪಾರ್ಸೆಲ್ ಎಲ್ಲಿದೆ ಎಂಬ ವಿಚಾರಣೆ. ಪ್ರತಿಯೊಂದಕ್ಕೂ 3 ನಿಮಿಷ. ಉಳಿದ 40 ಕರೆಗಳು ತಲೆನೋವಿನವು, ತಲಾ 10 ನಿಮಿಷ. ಒಟ್ಟು 580 ನಿಮಿಷ, ಸರಾಸರಿ 5.8. ಈಗ ಬಾಟ್, ಅಂದರೆ ಗ್ರಾಹಕರಿಗೆ ತಾನೇ ಉತ್ತರಿಸುವ ತಂತ್ರಾಂಶ, ಬಂದು 50 ಸುಲಭದ ಕರೆಗಳನ್ನು ಎತ್ತಿಕೊಂಡಿತು ಎನ್ನಿ. ಉಳಿದ 50 ಕರೆಗಳಿಗೆ 430 ನಿಮಿಷ ಬೇಕು, ಸರಾಸರಿ 8.6. ಕರೆ ಅರ್ಧಕ್ಕೆ ಇಳಿದರೂ ಕೆಲಸ ತಗ್ಗಿದ್ದು ಕಾಲು ಭಾಗ ಮಾತ್ರ. ಇದನ್ನು ಗಮನಿಸದ ಟೀಮ್ ಲೀಡರ್, ಕರೆಯ ಸರಾಸರಿ ಅವಧಿ ಏರಿತೆಂದು ನೌಕರರನ್ನೇ ದೂರಿದರೆ ಅದು ಶುದ್ಧ ಅನ್ಯಾಯ. ಕೋಪಗೊಂಡ ಗ್ರಾಹಕರು ಒಬ್ಬರಾದ ಮೇಲೊಬ್ಬರಂತೆ ಸಿಗುವ ಪಾಳಿಯಲ್ಲಿ, ಉಸಿರು ತೆಗೆದುಕೊಳ್ಳಲು ಬಿಡುವು ಕೊಡುತ್ತಿದ್ದುದೇ ಆ ಸುಲಭದ ಕರೆಗಳು.

ಲೆಕ್ಕ ತಪ್ಪಿದವರೂ ಇದ್ದಾರೆ. ಆಸ್ಟ್ರೇಲಿಯಾದ ಕಾಮನ್‌ವೆಲ್ತ್ ಬ್ಯಾಂಕ್ 2025ರಲ್ಲಿ ವಾಯ್ಸ್ ಬಾಟ್ ನೆಚ್ಚಿಕೊಂಡು 45 ಹುದ್ದೆಗಳನ್ನು ತೆಗೆಯಲು ಹೊರಟು, ಆಗಸ್ಟ್‌ನಲ್ಲಿ ಆ ನಿರ್ಧಾರವನ್ನೇ ಹಿಂಪಡೆಯಿತು. ಆನ್‌ಲೈನ್ ಅಂಗಡಿ ತೆರೆಯಲು ನೆರವಾಗುವ ಬೆಂಗಳೂರಿನ ದುಕಾನ್ ಕಂಪನಿ ಮಾತ್ರ 2023ರಲ್ಲೇ ಗ್ರಾಹಕ ಸೇವೆಯ ಸಿಬ್ಬಂದಿಯಲ್ಲಿ ಶೇ 90ರಷ್ಟು ಮಂದಿಯ ಜಾಗಕ್ಕೆ ಚಾಟ್‌ಬಾಟ್ ತಂದಿತ್ತು.

ಇನ್ನೊಂದು ಬಗೆಯ ಬಳಕೆಯಲ್ಲಿ ಯಂತ್ರ ನೌಕರರ ಕೆಲಸ ಕಸಿಯುವುದಿಲ್ಲ, ಪಕ್ಕದಲ್ಲಿ ಕುಳಿತು ಹೇಳಿಕೊಡುತ್ತದೆ. ಗ್ರಾಹಕರು ಬರೆದದ್ದನ್ನು ಓದಿ, ಏನು ಉತ್ತರಿಸಬಹುದೆಂದು ಪರದೆಯ ಮೇಲೆ ಸೂಚಿಸುತ್ತದೆ. ಒಪ್ಪುವುದು, ತಿದ್ದುವುದು, ಬಿಡುವುದು ನೌಕರರಿಗೆ ಸೇರಿದ್ದು. ಇದರ ಬಗ್ಗೆ ಅರ್ಥಶಾಸ್ತ್ರಜ್ಞರಾದ ಎರಿಕ್ ಬ್ರಿನ್ಯೋಲ್ಫ್‌ಸನ್, ಡೇನಿಯೆಲ್ ಲೀ, ಲಿಂಡ್ಸೆ ರೇಮಂಡ್ 2023ರಲ್ಲಿ ಪ್ರಕಟಿಸಿದ ಅಧ್ಯಯನ ಮುಖ್ಯ. ಐದು ಸಾವಿರಕ್ಕೂ ಹೆಚ್ಚು ಚಾಟ್ ನೌಕರರು, ಅವರಲ್ಲಿ ಬಹುಪಾಲು ಫಿಲಿಪೈನ್ಸ್‌ನವರು. ಗಂಟೆಗೆ ಬಗೆಹರಿದ ದೂರುಗಳು ಸರಾಸರಿ ಶೇ 14ರಷ್ಟು ಹೆಚ್ಚಿದವು. ಹೊಸಬರಲ್ಲಿ ಶೇ 34ರಷ್ಟು. ನುರಿತವರಿಗೆ ಆದ ಲಾಭ ಅತ್ಯಲ್ಪ. ಕಾರಣ ಸರಳ: ಒಳ್ಳೆಯ ಉತ್ತರಗಳ ಜಾಡನ್ನು ಯಂತ್ರ ಕಲಿತದ್ದೇ ನುರಿತವರ ಹಳೆಯ ಸಂಭಾಷಣೆಗಳಿಂದ. ಅವರ ಜಾಣ್ಮೆ ಎಲ್ಲರ ಪರದೆಗೂ ಹರಿಯುವಾಗ ಅವರ ಸಂಬಳ ಏಕೆ ಏರಬಾರದು? ಈ ಇಡೀ ವಿಷಯದಲ್ಲಿ ನನ್ನನ್ನು ಹೆಚ್ಚು ಕಾಡುವ ಪ್ರಶ್ನೆ ಇದು.

ಎರಡೂ ಬಳಕೆಗಳನ್ನು ಜೊತೆಗಿಟ್ಟು ನೋಡಿ, ತೊಡಕು ಕಾಣುತ್ತದೆ. ಸಹಾಯಕ ಯಂತ್ರದಿಂದ ಹೆಚ್ಚು ಉಪಕಾರ ಹೊಸಬರಿಗೆ. ಆದರೆ ಹೊಸಬರು ಕೈಪಳಗಿಸಿಕೊಳ್ಳುತ್ತಿದ್ದ ಸುಲಭದ ಕರೆಗಳನ್ನು ಬಾಟ್ ಕೊಂಡೊಯ್ಯುತ್ತದೆ.

ಕೊನೆಯದಾಗಿ, ಒಪ್ಪಂದವನ್ನು ಮರೆಯಬೇಡಿ. ವಿದೇಶಿ ಕಂಪನಿ ತಲೆಗೆ ಇಷ್ಟು, ಗಂಟೆಗೆ ಇಷ್ಟು ಎಂದು ಹಣ ಕೊಡುತ್ತಿದ್ದರೆ, ಜನರನ್ನು ಇಳಿಸಿದಷ್ಟೂ ಹೊರಗುತ್ತಿಗೆ ಸಂಸ್ಥೆಯ ಆದಾಯ ಇಳಿಯುತ್ತದೆ. ಬಗೆಹರಿಸಿದ ದೂರಿಗೆ ಇಷ್ಟು ಎಂದಾದರೆ, ಕಡಿಮೆ ಜನರಿಂದ ಅದೇ ಕೆಲಸ ಮಾಡಿಸಿದ ಸಂಸ್ಥೆಗೇ ಲಾಭ. ಆದ್ದರಿಂದ ಉದ್ಯೋಗ ಕಡಿತದ ಸುದ್ದಿ ಓದುವಾಗ ಯಂತ್ರದ ಸಾಮರ್ಥ್ಯದ ಜೊತೆಗೆ ಹಣ ಪಾವತಿಯ ವಿಧಾನವನ್ನೂ ವಿಚಾರಿಸಿ.