ಗಿಟಾರ್ ತಗ್ಗಿದಾಗ ಅಭಿಮಾನಿಯ ಕಿವಿಗೆ ಬೀಳುವುದೇನು?

ಮೈಸೂರಿನಲ್ಲಿ ಹಾಡು ರೆಕಾರ್ಡ್ ಮಾಡುವುದು, ಮಿಕ್ಸ್ ಮಾಡುವುದು, ಅಂದರೆ ದನಿ, ವಾದ್ಯಗಳ ಮಟ್ಟ ಹೊಂದಿಸಿ ಒಂದಾಗಿಸುವುದು ನನ್ನ ಕೆಲಸ. ಸ್ಟುಡಿಯೋಗೆ ಬರುವವರಲ್ಲಿ ಭಾವಗೀತೆ, ದೇವರನಾಮ ಹಾಡುವವರೇ ಜಾಸ್ತಿ. ರಾಕ್ ಬ್ಯಾಂಡ್ ಕಟ್ಟಿಕೊಂಡ ಕಾಲೇಜು ಹುಡುಗರು ಕಡಿಮೆ. ಆದರೆ ವಾದಕ್ಕೆ ಕೂತರೆ ಏಳುವವರಲ್ಲ. ಅದರಲ್ಲೂ ಅಮೆರಿಕದ ರಾಕ್ ಬ್ಯಾಂಡ್ ಲಿಂಕಿನ್ ಪಾರ್ಕ್ ಹೆಸರು ಬಂದರೆ ಮುಗೀತು. "ಸರ್, ಪಾಪ್ ಕಡೆ ಹೋಗಿ ಕೆಟ್ರು ಅವ್ರು" ಅಂತ ಒಬ್ಬ. "ಇವನಿಗೆ ಬರೀ ಕಿರುಚಾಟ ಬೇಕು ಸರ್" ಅಂತ ಇನ್ನೊಬ್ಬ.

ಇಬ್ಬರ ಮಾತನ್ನೂ ನಾನು ತಳ್ಳಿಹಾಕುವುದಿಲ್ಲ. ಪ್ರೀತಿಸಿದ ಬ್ಯಾಂಡ್ ದಾರಿ ಬದಲಿಸಿದಾಗ ಆಗುವ ಬೇಜಾರು ನಿಜವಾದದ್ದು. ಅಭಿಮಾನಿಯ ಕಿವಿಗೆ ಏನೋ ಒಂದು ಖಂಡಿತ ಬಿದ್ದಿರುತ್ತದೆ. ಅದಕ್ಕೆ ಅವನು ಕೊಡುವ ಕಾರಣದ ಬಗ್ಗೆ ಮಾತ್ರ ನನ್ನ ತಕರಾರು. "ದುಡ್ಡಿಗೆ ಮಾರ್ಕೊಂಡ್ರು" ಅನ್ನುವುದು ಸುಲಭ. ಹಾಡನ್ನು ಬಿಚ್ಚಿ ನೋಡಿದರೆ ಬಹಳ ಸಲ ಸಿಗುವ ಉತ್ತರ ಬೇರೆ.

ಲಿಂಕಿನ್ ಪಾರ್ಕ್‌ನ ಮೊದಲ ಆಲ್ಬಂ 'ಹೈಬ್ರಿಡ್ ಥಿಯರಿ' ಬಂದದ್ದು 2000ದಲ್ಲಿ. ಅದರ ಹಾಡುಗಳಿಗೆ ಒಂದು ಗಟ್ಟಿ ಅಚ್ಚು ಇತ್ತು. ಚರಣ ತಣ್ಣಗೆ ಇರುತ್ತದೆ, ಮೈಕ್ ಶಿನೋಡಾ ರ‍್ಯಾಪ್ ಮಾಡುತ್ತಾರೆ. ಪಲ್ಲವಿ ಬಂದ ಕೂಡಲೇ ಎರಡೂ ಕಡೆಯಿಂದ ಗಿಟಾರ್ ಮೇಲೆ ಬೀಳುತ್ತದೆ, ಅದರ ನಡುವೆ ಚೆಸ್ಟರ್ ಬೆನಿಂಗ್ಟನ್ ಕೂಗುತ್ತಾರೆ. ರಾಕ್‌ನಲ್ಲಿ ಈ ಭಾರ ತರಲು ಒಂದೇ ಗಿಟಾರ್ ಭಾಗವನ್ನು ಎರಡು ಸಲ, ನಾಲ್ಕು ಸಲ ಬೇರೆ ಬೇರೆಯಾಗಿ ನುಡಿಸಿ, ಅರ್ಧ ಎಡಕ್ಕೆ, ಅರ್ಧ ಬಲಕ್ಕೆ ಹಾಕುತ್ತಾರೆ. ನುಡಿಸಿದಾಗ ಬರುವ ಚೂರುಪಾರು ವ್ಯತ್ಯಾಸದಿಂದಲೇ ಸದ್ದು ಅಷ್ಟು ಅಗಲ ಕೇಳುತ್ತದೆ.

2017ರ ಮೇ ತಿಂಗಳಲ್ಲಿ ಬಂದ 'ಒನ್ ಮೋರ್ ಲೈಟ್' ಆಲ್ಬಂನಲ್ಲಿ ಗೋಡೆಯಂಥ ಆ ಗಿಟಾರ್ ಸದ್ದು ಇಲ್ಲ. ಗಿಟಾರ್ ಹಿಂದೆ ಸರಿದು ಸಿಂಥ್ (ಎಲೆಕ್ಟ್ರಾನಿಕ್ ಆಗಿ ಸದ್ದು ಹುಟ್ಟಿಸುವ ವಾದ್ಯ), ಬೀಟ್ ಮುಂದೆ ಬಂದವು. ಚೆಸ್ಟರ್ ಕಿರುಚುವುದೇ ಇಲ್ಲ, ಪೂರ್ತಿ ಹಾಡುತ್ತಾರೆ. ಕೆಲಸದ ರೀತಿಯೂ ಬದಲಾಗಿತ್ತು. ಈ ಸಲ ಮಾತು, ಧಾಟಿ ಮೊದಲು ಹುಟ್ಟಿದವು, ವಾದ್ಯ ಆಮೇಲೆ ಸೇರಿತು. ಪಾಪ್ ಹಾಡು ಬರೆಯುವ ಜೂಲಿಯಾ ಮೈಕಲ್ಸ್, ಜಸ್ಟಿನ್ ಟ್ರ್ಯಾಂಟರ್ ಥರದವರೂ ಜೊತೆಗೆ ಕೂತಿದ್ದರು. ಹಳೇ ಅಭಿಮಾನಿಗಳು ಸಿಟ್ಟಾದರು. ಚೆಸ್ಟರ್ ಕೂಡ ಸಂದರ್ಶನಗಳಲ್ಲಿ ಅಷ್ಟೇ ಸಿಟ್ಟಿನಿಂದ ಉತ್ತರ ಕೊಟ್ಟರು.

ಈಗ ಮಿಕ್ಸಿಂಗ್ ಟೇಬಲ್ ಮುಂದೆ ಕೂತು ನೋಡೋಣ. ಮನುಷ್ಯನ ದನಿಯ ಸ್ಪಷ್ಟತೆ ಇರುವುದು ಹೆಚ್ಚುಕಡಿಮೆ 2,000ದಿಂದ 4,000 ಹರ್ಟ್ಸ್ ನಡುವೆ (ಸದ್ದು ಎಷ್ಟು ಮೇಲಿನ ಮಟ್ಟದ್ದು, ಎಷ್ಟು ಕೆಳಗಿನದು ಅಂತ ಅಳೆಯುವುದು ಹರ್ಟ್ಸ್‌ನಲ್ಲಿ). ಡಿಸ್ಟಾರ್ಷನ್ ಹಾಕಿದ, ಅಂದರೆ ಸದ್ದನ್ನು ಬೇಕಂತಲೇ ಒಡೆದು ಒರಟು ಮಾಡಿದ ಗಿಟಾರ್ ಕೂಡ ಅದೇ ಜಾಗದಲ್ಲಿ ತುಂಬಿಕೊಂಡಿರುತ್ತದೆ. ಎರಡೂ ಗುದ್ದಾಡುತ್ತವೆ. ಗಾಯಕ ಗಿಟಾರ್ ಸೀಳಿಕೊಂಡು ಹೊರಗೆ ಬರಬೇಕು, ಅದಕ್ಕೇ ಕೂಗುತ್ತಾನೆ. ನಮಗೆ ಕೇಳುವ ಆ 'ರೋಷ'ದಲ್ಲಿ ಅರ್ಧ ಪಾಲು ಈ ಗುದ್ದಾಟದ್ದು. ಗಿಟಾರ್ ತೆಗೆದರೆ ದನಿಗೆ ಜಾಗ ಸಿಗುತ್ತದೆ, ಕೂಗುವ ಅಗತ್ಯ ಇರುವುದಿಲ್ಲ. ಅದೇ ಗಾಯಕ, ಅದೇ ನೋವು. ಆದರೂ ಕೇಳುವವನಿಗೆ "ಬೆಂಕಿ ಆರಿಹೋಗಿದೆ" ಅನ್ನಿಸುತ್ತದೆ.

ಇನ್ನೊಂದು ವಿಷಯವನ್ನು ಹುಡುಗರಿಗೆ ನಾನು ಯಾವಾಗಲೂ ಕೇಳಿಸಿ ತೋರಿಸುತ್ತೇನೆ. ಹೊಸ ಹಾಡನ್ನು ಮೊದಲ ಸಲ ಎಲ್ಲಿ ಕೇಳ್ತೀರಿ? ಫೋನ್ ಸ್ಪೀಕರ್‌ನಲ್ಲಿ ಅಲ್ವಾ? ಅಷ್ಟು ಪುಟ್ಟ ಸ್ಪೀಕರ್‌ನಲ್ಲಿ 200 ಹರ್ಟ್ಸ್‌ಗಿಂತ ಕೆಳಗಿನ ಸದ್ದು ಬಹುಪಾಲು ಬರುವುದೇ ಇಲ್ಲ. ಹಳೇ ಹಾಡಿನ ಗಿಟಾರ್ ನಡುಮಟ್ಟದಲ್ಲಿ ಇರುವುದರಿಂದ ಫೋನಲ್ಲೂ ಅಬ್ಬರವಾಗಿಯೇ ಕೇಳುತ್ತದೆ. ಹೊಸ ಥರದ ಹಾಡಿನ ಭಾರ ಇರುವುದು 60 ಹರ್ಟ್ಸ್ ಆಸುಪಾಸಿನ ಸಿಂಥ್ ಬೇಸ್‌ನಲ್ಲಿ. ಫೋನಲ್ಲಿ ಅದು ಮಾಯ. ಉಳಿಯುವುದು ತೆಳ್ಳಗಿನ ಬೀಟ್, ಅದರ ಮೇಲೊಂದು ದನಿ. "ಖಾಲಿ ಖಾಲಿ ಇದೆ ಸರ್" ಅಂದ ಹುಡುಗನ ಕಿವಿಗೆ ಒಳ್ಳೆ ಹೆಡ್‌ಫೋನ್ ಹಾಕಿ ಅದೇ ಹಾಡು ಹಾಕಿದರೆ ಮುಖ ಬದಲಾಗುತ್ತದೆ. ಹಾಡು ಇಷ್ಟ ಆಯ್ತು ಅಂತಲ್ಲ. ಇಲ್ಲ ಅಂದುಕೊಂಡಿದ್ದು ಅಲ್ಲಿ ಇದೆ ಅಂತ ಗೊತ್ತಾಗುತ್ತದೆ, ಅಷ್ಟೇ.

ನನ್ನನ್ನೇ ಕೇಳಿದರೆ, ಆ ಆಲ್ಬಂನಲ್ಲಿ ಒಂದೆರಡು ಹಾಡಿಗೆ ವಾದ್ಯ ಕಡಿಮೆಯಾಯಿತು ಅಂತಲೇ ಹೇಳುತ್ತೇನೆ. ಅದನ್ನು ಮೋಸ ಅನ್ನಲು ಮಾತ್ರ ನನಗೆ ಬಾಯಿ ಬರುವುದಿಲ್ಲ. ಚೆಸ್ಟರ್ ದನಿ ಅಷ್ಟು ಹತ್ತಿರದಿಂದ ಕೇಳಿದ್ದು ಅಲ್ಲೇ. ಆಲ್ಬಂ ಬಂದು ಎರಡು ತಿಂಗಳಾಗಿತ್ತು. 2017ರ ಜುಲೈ 20ರಂದು ಅವರು ತೀರಿಕೊಂಡರು. ಅಭಿಮಾನಿಗಳ ಬೈಗುಳಕ್ಕೂ ಆ ಸಾವಿಗೂ ಗಂಟು ಹಾಕುವುದು ತಪ್ಪು. ಆದರೆ ಆಮೇಲೆ ನಡೆದದ್ದನ್ನು ಗಮನಿಸಬೇಕು. ಆಲ್ಬಂನ ಶೀರ್ಷಿಕೆ ಗೀತೆ, ತೀರಿಹೋದ ಗೆಳತಿಯೊಬ್ಬರ ನೆನಪಲ್ಲಿ ಬರೆದದ್ದು, ಚೆಸ್ಟರ್‌ಗೇ ವಿದಾಯ ಹೇಳುವ ಹಾಡಾಯಿತು. "ಮೆತ್ತಗಾಯ್ತು" ಅಂದವರೇ ಅದನ್ನು ಕೇಳಿ ಅತ್ತರು. ರೆಕಾರ್ಡಿಂಗ್‌ನಲ್ಲಿ ಒಂದು ಸ್ವರವೂ ಬದಲಾಗಿರಲಿಲ್ಲ.

ಹಾಗಂತ ತಪ್ಪು ಯಾವಾಗಲೂ ಕೇಳುವವನದು ಅಂತ ನಾನು ಹೇಳುತ್ತಿಲ್ಲ. ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾ ವಿಷಯದಲ್ಲಿ ಅಭಿಮಾನಿಗಳು ಎರಡು ಸಲ ಸರಿಯಾಗಿಯೇ ಹಿಡಿದರು. 2003ರ 'ಸೇಂಟ್ ಆಂಗರ್'ನಲ್ಲಿ ಸ್ನೇರ್ ಡ್ರಮ್ ಡಬ್ಬ ಬಡಿದ ಹಾಗಿದೆ ಅಂತ ಗಲಾಟೆ ಎದ್ದಿತು. ಸ್ನೇರ್‌ನ ಕೆಳಗಿನ ಚರ್ಮಕ್ಕೆ ತಾಗಿಕೊಂಡು ಸಣ್ಣ ತಂತಿಗಳ ಪಟ್ಟಿ ಇರುತ್ತದೆ. ಆ 'ಛಟ್' ಅನ್ನುವ ಸದ್ದು ಬರುವುದು ಅದರಿಂದ. ಅದನ್ನು ಸಡಿಲ ಬಿಟ್ಟು ರೆಕಾರ್ಡ್ ಮಾಡಿದ್ದರು. ಬರೀ ಚರ್ಮ, ಲೋಹದ ಗುಂಯ್ ಉಳಿಯಿತು. 2008ರ 'ಡೆತ್ ಮ್ಯಾಗ್ನೆಟಿಕ್' ಕಥೆ ಇನ್ನೂ ದೊಡ್ಡದು. ಸದ್ದು ಜೋರಾಗಿರಲಿ ಅಂತ ಎಷ್ಟು ಒತ್ತಿದ್ದರು ಅಂದರೆ ಅಲೆಗಳ ತಲೆಯೇ ಕತ್ತರಿಸಿ ಹೋಗಿ ಸದ್ದು ಒಡೆಯುತ್ತಿತ್ತು. ಗಿಟಾರ್ ಹೀರೋ ಅನ್ನುವ ವಿಡಿಯೋ ಗೇಮ್‌ಗೆ ಕೊಟ್ಟಿದ್ದ ಅದೇ ಹಾಡುಗಳು ಅಷ್ಟು ಒತ್ತಿರಲಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ವ್ಯತ್ಯಾಸ ತೋರಿಸಿದವರು ಅಭಿಮಾನಿಗಳೇ. ಸರಿಯಾಗಿ ಮತ್ತೆ ಮಿಕ್ಸ್ ಮಾಡಿ ಅಂತ ಸಾವಿರಾರು ಜನ ಸಹಿ ಹಾಕಿದರು. ನಮ್ಮ ಕಸುಬಿನವರಿಗೆ ಅದು ದೊಡ್ಡ ಪಾಠ.

ಹೊಸ ಸದ್ದಿಗೆ ಜನ ಎರಡು ಪಾಲಾಗುವುದು ರಾಕ್‌ಗೆ ಮಾತ್ರ ಅಂಟಿದ್ದಲ್ಲ. ನಮ್ಮ ಟಿ. ಚೌಡಯ್ಯನವರು ಪಿಟೀಲಿಗೆ ಮೂರು ತಂತಿ ಹೆಚ್ಚಿಗೆ ಹಾಕಿ ಏಳು ಮಾಡಿದ್ದು ಯಾಕೆ? ಮೈಕ್ ಇಲ್ಲದ ಕಾಲ, ಹಿಂದೆ ಕೂತವರಿಗೆ ಕೇಳಬೇಕಿತ್ತು. ಸದ್ದು ತುಂಬಿಕೊಂಡಿತು. ಆದರೆ ಶ್ರುತಿ ಕೂಡಿಸುವ ಕಷ್ಟ ಹೆಚ್ಚಿತು. ಚೌಡಯ್ಯನವರನ್ನು ಮೈಸೂರು ತಲೆಮೇಲೆ ಹೊತ್ತು ಮೆರೆಸಿತು. ಏಳು ತಂತಿ ಹಿಡಿದವರು ಮಾತ್ರ ಆಮೇಲೆ ಬೆರಳೆಣಿಕೆ. ಕಲಾವಿದನನ್ನು ಒಪ್ಪಿ, ಅವನ ಹೊಸ ದಾರಿಯನ್ನು ಒಪ್ಪದೆ ಇರುವುದಕ್ಕೂ ಜಾಗ ಇದೆ.

ಏಳು ವರ್ಷದ ಬಿಡುವಿನ ನಂತರ, 2024ರಲ್ಲಿ ಲಿಂಕಿನ್ ಪಾರ್ಕ್ ಮತ್ತೆ ಬಂತು. ಗಾಯಕಿ ಎಮಿಲಿ ಆರ್ಮ್‌ಸ್ಟ್ರಾಂಗ್, ಡ್ರಮ್ಸ್‌ಗೆ ಕಾಲಿನ್ ಬ್ರಿಟನ್. ಗಿಟಾರ್ ಗೋಡೆ ವಾಪಸ್ ಬಂದಿತ್ತು. ಈ ಸಲ ದೂರು ಸದ್ದಿನ ಮೇಲೆ ಬರಲಿಲ್ಲ. "ಚೆಸ್ಟರ್ ಇಲ್ಲದೆ ಆ ಹೆಸರು ಯಾಕೆ?" ಅನ್ನುವ ಪ್ರಶ್ನೆ ಬಂತು. ಇದಕ್ಕೆ ಯಾವ ಮಿಕ್ಸಿಂಗ್‌ನಲ್ಲೂ ಉತ್ತರ ಇಲ್ಲ. ಹದಿನೇಳನೇ ವಯಸ್ಸಲ್ಲಿ ಪಿಯುಸಿ ಓದುವಾಗ ಕೇಳಿದ ದನಿ ಆಯುಷ್ಯಪೂರ್ತಿ ಜೊತೆಗಿರುತ್ತದೆ. ಅದರ ಜಾಗದಲ್ಲಿ ಇನ್ನೊಂದನ್ನು ಕೂರಿಸು ಅಂತ ಯಾರಿಗೂ ಹೇಳಲಾಗದು.

ಆದರೂ ಅವರು ಮಾಡಿದ ಒಂದು ಕೆಲಸ ನನಗೆ ತುಂಬ ಹಿಡಿಸಿತು. ವಾಪಸ್ ಬಂದ ಮೊದಲ ಹಾಡು 'ದಿ ಎಂಪ್ಟಿನೆಸ್ ಮಷೀನ್' ಎಮಿಲಿ ದನಿಯಿಂದ ಶುರುವಾಗುವುದಿಲ್ಲ. ಮೊದಲ ಚರಣ, ಮೊದಲ ಪಲ್ಲವಿ ಎರಡನ್ನೂ ಹಾಡುವುದು ಶಿನೋಡಾ. ಗೊತ್ತಿರುವ ದನಿ ಕೈ ಹಿಡಿದು ಒಳಗೆ ಕರೆದುಕೊಂಡು ಹೋದ ಮೇಲೆ, ಎರಡನೇ ಚರಣಕ್ಕೆ ಎಮಿಲಿ ಬರುತ್ತಾರೆ. ಕೇಳುವವರ ಮನಸ್ಸಿಗೆ ಮರ್ಯಾದೆ ಕೊಟ್ಟು ಕಟ್ಟಿದ ಹಾಡು ಅದು.

ಈಚೆಗೆ ಇಲ್ಲಿನ ಹುಡುಗರ ಬ್ಯಾಂಡ್ ಒಂದು ಇದೇ ಇಕ್ಕಟ್ಟಿನಲ್ಲಿತ್ತು. ಕಾಲೇಜು ಫೆಸ್ಟ್‌ಗಳಲ್ಲಿ ಜೋರು ಹಾಡಿಗೆ ಹೆಸರು ಮಾಡಿದವರು, ಈಗ ಮೆಲ್ಲಗಿನ ಕನ್ನಡ ಹಾಡು ಮಾಡಿದ್ದರು. "ಪಂಚ್ ಇಲ್ಲ ಕಣ್ರೋ" ಅಂದಿದ್ದರಂತೆ ಗೆಳೆಯರು. ಗಾಯಕ ಸೋತುಹೋಗಿದ್ದ, ಮತ್ತೆ ಡಿಸ್ಟಾರ್ಷನ್ ಹಾಕಿಬಿಡೋಣ ಅಂದ. ಬೇಡ ಅಂದೆ. ಹಾಡಿನ ಧಾಟಿ ಮುಟ್ಟಲಿಲ್ಲ. ಸಿಂಥ್ ಬೇಸ್‌ಗೆ ಸ್ವಲ್ಪ ಸ್ಯಾಚುರೇಷನ್, ಅಂದರೆ ಹದವಾದ ಡಿಸ್ಟಾರ್ಷನ್ ಕೊಟ್ಟೆವು. ಅದರಿಂದ ಮೇಲಿನ ಮಟ್ಟದಲ್ಲಿ ಹೊಸ ಸ್ವರಾಂಶಗಳು ಹುಟ್ಟಿ, ಫೋನ್ ಸ್ಪೀಕರ್‌ನಲ್ಲೂ ಬೇಸ್ ಇರುವ ಹಾಗೆ ಕೇಳುತ್ತದೆ. ಕೊನೆಯ ಪಲ್ಲವಿಗೆ ಮಾತ್ರ ಅವರ ಹಳೇ ಗಿಟಾರ್ ಅನ್ನು ಎಡಬಲ ಎರಡು ಸಲ ನುಡಿಸಿ ಸೇರಿಸಿದೆವು, ದನಿಗಿಂತ ಸಾಕಷ್ಟು ಕೆಳಗೆ ಇಟ್ಟು. ಬಿಡುಗಡೆಗೆ ಮೊದಲು ಎರಡು ಕಡೆ ಸ್ಟೇಜ್ ಮೇಲೆ ನುಡಿಸಿ ಬನ್ನಿ ಅಂದೆ, ಹಳೇ ಹಾಡೊಂದರ ಬೆನ್ನಿಗೇ. ಹೋಗಿ ಬಂದರು. ಗೆಳೆಯರಲ್ಲಿ ಅರ್ಧ ಜನಕ್ಕೆ ಹಿಡಿಸಿದೆ, ಅರ್ಧ ಜನಕ್ಕೆ ಇನ್ನೂ ಇಲ್ಲವಂತೆ. ಗಾಯಕ ಈಗ ಮುಂದಿನ ಹಾಡು ಬರೆಯುತ್ತಿದ್ದಾನೆ, ಅದೂ ಮೆಲ್ಲಗಿನದೇ.