ಮೋವರ್ ಕೆಟ್ಟಿಲ್ಲ, ಪೆಟ್ರೋಲ್ ಹಳೇದಾಗಿದೆ

ಜೂನ್‌ನಲ್ಲಿ ನಾಲ್ಕು ಮಳೆ ಬಿದ್ದವು ಅಂದರೆ ಹುಬ್ಬಳ್ಳಿಯ ನಮ್ಮ ಅಂಗಡಿಗೆ ಹುಲ್ಲು ಕತ್ತರಿಸುವ ಲಾನ್ ಮೋವರ್‌ಗಳು ಬರತೊಡಗುತ್ತವೆ. ವಿದ್ಯಾನಗರ, ಕೇಶ್ವಾಪುರ, ಧಾರವಾಡದ ಸಪ್ತಾಪುರದಿಂದಲೂ ತರುತ್ತಾರೆ. ಎಲ್ಲರದೂ ಒಂದೇ ಮಾತು: "ಹೋದ ವರ್ಷ ಚಲೋ ಇತ್ರಿ, ಈಗ ಎಷ್ಟ ಹಗ್ಗ ಜಗ್ಗಿದ್ರೂ ಸ್ಟಾರ್ಟ್ ಆಗವಲ್ದು." ಎಂಜಿನ್ ಕೆಟ್ಟಿರುವುದು ಅಪರೂಪ. ದೀಪಾವಳಿ ಹೊತ್ತಿಗೆ ಟ್ಯಾಂಕಿನಲ್ಲೇ ಬಿಟ್ಟ ಪೆಟ್ರೋಲ್ ಇರುತ್ತಲ್ಲ, ಅದರ ಕೆಲಸ ಇದು.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಸಣ್ಣ ಎಂಜಿನ್‌ಗಳ ಕೈಪಿಡಿ ತೆಗೆದು ನೋಡಿ, ಬಹಳಷ್ಟರಲ್ಲಿ ಶೇ. 10ಕ್ಕಿಂತ ಜಾಸ್ತಿ ಬೇಡ ಅಂತಲೇ ಬರೆದಿರುತ್ತದೆ. ಎಥನಾಲ್ ಗಾಳಿಯ ತೇವ ಹೀರುತ್ತದೆ. ತೇವ ಹೆಚ್ಚಾದರೆ ಅದು ನೀರಿನ ಜೊತೆ ಸೇರಿ ಪೆಟ್ರೋಲ್‌ನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ, ಪೆಟ್ರೋಲನ್ನು ಗಾಳಿಯ ಜೊತೆ ಬೆರೆಸಿ ಎಂಜಿನ್‌ಗೆ ಕೊಡುವ ಕಾರ್ಬೊರೇಟರ್‌ಗೆ ಮೊದಲು ಹೋಗುವುದು ಆ ತಳದ್ದೇ. ಇತ್ತ ಕಾರ್ಬೊರೇಟರ್‌ನಲ್ಲಿ ಉಳಿದದ್ದು ಆರಿ ಅಂಟಾಗಿ, ಪೆಟ್ರೋಲ್ ಹೋಗುವ, ಸೂಜಿ ಮೊನೆಯಷ್ಟು ಸಣ್ಣ ಜೆಟ್ ತೂತು ಮುಚ್ಚಿಹೋಗುತ್ತದೆ. ಆಮೇಲೆ ಹಗ್ಗ ಜಗ್ಗಿದರೆ ತೋಳು ನೋಯುತ್ತದೆ ಅಷ್ಟೇ.

ಅದಕ್ಕೇ ಒಂದು ತಿಂಗಳಿಗೆ ಆಗುವಷ್ಟೇ ಪೆಟ್ರೋಲ್ ತನ್ನಿ. ಹುಲ್ಲು ಬೆಳೆಯುವುದು ನಿಂತ ಮೇಲೆ ಟ್ಯಾಂಕ್ ಖಾಲಿ ಮಾಡಿ, ಬಯಲಲ್ಲಿ ಎಂಜಿನ್ ಚಾಲೂ ಮಾಡಿ, ತಾನೇ ಬಂದ್ ಆಗುವವರೆಗೆ ಓಡಿಸಿ ಎತ್ತಿಡಿ.

ಟೂ ಸ್ಟ್ರೋಕ್ ಬ್ರಷ್ ಕಟರ್ (ಗಿಡಗಂಟಿ ಸವರುವ ಯಂತ್ರ) ಇದ್ದವರು ಪೆಟ್ರೋಲ್‌ನಲ್ಲೇ ಬೆರೆಸುವ ಆಯಿಲ್ ಲೆಕ್ಕ ತಪ್ಪಬೇಡಿ. 50 ಪಾಲು ಪೆಟ್ರೋಲ್‌ಗೆ 1 ಪಾಲು ಆಯಿಲ್ ಅಂದರೆ ಲೀಟರ್‌ಗೆ 20 ಮಿಲಿ ಟೂ ಟಿ ಆಯಿಲ್, 25ಕ್ಕೆ 1 ಇದ್ದರೆ 40 ಮಿಲಿ. ಫೋರ್ ಸ್ಟ್ರೋಕ್ ಮೋವರ್‌ಗೆ ಬರೀ ಪೆಟ್ರೋಲ್, ಅದರ ಆಯಿಲ್ ಬೇರೆ ಕಡೆ ಹಾಕುವುದು. ಎಂಜಿನ್ ಬಿಸಿ ಇದ್ದಾಗ ಪೆಟ್ರೋಲ್ ಹಾಕಲೇಬೇಡಿ, ಒಂದು ಚಹಾ ಕುಡಿದು ಬನ್ನಿ.

ನಮ್ಮ ಕಡೆ ಎರೆ ಮಣ್ಣಿನ ಧೂಳು ಏರ್ ಫಿಲ್ಟರ್‌ಗೆ ಬೇಗ ತುಂಬುತ್ತದೆ. ಸ್ಪಂಜಿನದಾದರೆ ಸೋಪು ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ನಾಲ್ಕು ಹನಿ ಆಯಿಲ್ ಹಚ್ಚಿ ಹಿಂಡಿ ಹಾಕಿ. ಕಾಗದದ್ದನ್ನು ತೊಳೆಯಬೇಡಿ, ಬದಲಾಯಿಸಿ.

ಇನ್ನು ಬ್ಲೇಡ್. ಮುಟ್ಟುವ ಮೊದಲು ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಕಿತ್ತಿಡಿ, ಇದರಲ್ಲಿ ರಿಯಾಯಿತಿ ಇಲ್ಲ. ಕೈಯಿಂದ ಬ್ಲೇಡ್ ತಿರುವಿದರೂ ಎಂಜಿನ್ ಸ್ಟಾರ್ಟ್ ಆಗಬಹುದು. ಯಂತ್ರ ಓರೆ ಮಾಡುವಾಗ ಏರ್ ಫಿಲ್ಟರ್ ಮೇಲ್ಗಡೆ ಇರಲಿ, ಇಲ್ಲದಿದ್ದರೆ ಆಯಿಲ್ ಅದರೊಳಗೆ ಇಳಿಯುತ್ತದೆ. ಎರಡೂ ಕಡೆ ತೂಕ ಸಮ ಇದೆಯೋ ನೋಡಲು, ಹರಿತ ಮಾಡಿದ ಬ್ಲೇಡನ್ನು ನಡುವಿನ ತೂತಿನಿಂದ ಒಂದು ಮೊಳೆಗೆ ತೂಗುಹಾಕಿ. ಯಾವ ಕಡೆ ಬಾಗುತ್ತದೋ ಆ ಕಡೆ ಇನ್ನೊಂದಿಷ್ಟು ಅರದಿಂದ ಉಜ್ಜಿ.