ಕರಿಯನ ನಾಲ್ಕು ಕಣ್ಣು

ನಾನು ಊಟಕ್ಕೆ ಕೂತರೆ ಸಾಕು, ಕರಿಯ ಬಂದು ಎದುರಿಗೆ ಕೂರುತ್ತಾನೆ. ಬೊಗಳುವುದಿಲ್ಲ, ಕುಂಯ್‌ಗುಡುವುದಿಲ್ಲ. ಸುಮ್ನೆ ನೋಡುತ್ತಾನೆ. ಮೈಯೆಲ್ಲ ಕಪ್ಪು. ಎರಡೂ ಕಣ್ಣಿನ ಮೇಲೆ ಕಡಲೆಕಾಳಿನಷ್ಟಗಲದ, ಬೆಲ್ಲದ ಬಣ್ಣದ ಒಂದೊಂದು ಬೊಟ್ಟು. ನೋಡುತ್ತ ನೋಡುತ್ತ ಆ ಬೊಟ್ಟುಗಳು ಮೂಗಿನ ಕಡೆಯಿಂದ ಮೆಲ್ಲಗೆ ಮೇಲಕ್ಕೇರುತ್ತವೆ. ಹಣೆಯಲ್ಲೊಂದು ಸಣ್ಣ ಸುಕ್ಕು ಬೀಳುತ್ತದೆ. ಅಷ್ಟೇ. ನನ್ನ ಕೈಯಲ್ಲಿದ್ದ ಮುದ್ದೆ ತುತ್ತು ಅವನ ಪಾಲಾಗುತ್ತದೆ. ಸಾರಿಗೆ ಅದ್ದುವ ಮುಂಚೆಯೇ ಕೊಟ್ಟುಬಿಡುತ್ತೇನೆ. ಈರುಳ್ಳಿ ನಾಯಿಗೆ ಆಗುವುದಿಲ್ಲ.

ಇಂಥ ನಾಯಿಯನ್ನು ನಮ್ಮಜ್ಜಿ ‘ನಾಲ್ಕು ಕಣ್ಣಿಂದು’ ಅನ್ನುತ್ತಿದ್ದರು. ಮಾತು ಬಹಳ ಹಳೆಯದು. ಋಗ್ವೇದದ ಹತ್ತನೇ ಮಂಡಲದಲ್ಲಿ ಯಮನ ದಾರಿ ಕಾಯುವ ಎರಡು ನಾಯಿಗಳಿಗೂ ನಾಲ್ಕು ಕಣ್ಣು. ಅಲ್ಲಿ ಹೇಳಿದ್ದು ಈ ಬೊಟ್ಟುಗಳನ್ನೇ ಇರಬೇಕು ಅಂತ ನನಗನ್ನಿಸುತ್ತದೆ. ನಾಯಿಯ ಕೂದಲಿಗೆ ಬರುವುದು ಮುಖ್ಯವಾಗಿ ಎರಡೇ ಬಣ್ಣ, ಒಂದು ಕಪ್ಪು, ಇನ್ನೊಂದು ಹಳದಿ-ಕೆಂಪು. ಮೈಯ ಯಾವ ಜಾಗದಲ್ಲಿ ಯಾವುದು ಬರಬೇಕು ಅನ್ನುವುದರಲ್ಲಿ ಅಗೌಟಿ ಎಂಬ ಜೀನಿನ ಪಾತ್ರ ದೊಡ್ಡದು. ಕರಿಯನಂಥ ನಾಯಿಗಳಲ್ಲಿ ಅದು ಕಣ್ಣಿನ ಮೇಲೆ, ಕೆನ್ನೆಯಲ್ಲಿ, ಕಾಲುಗಳಲ್ಲಿ ಕಪ್ಪನ್ನು ತಡೆದು ಬೆಲ್ಲದ ಬಣ್ಣ ತರಿಸುತ್ತದೆ.

ಬೊಟ್ಟು ಇದ್ದರಷ್ಟೇ ಸಾಲದು, ಅದನ್ನು ಎತ್ತಲು ಸ್ನಾಯು ಬೇಕಲ್ವಾ? 2019ರಲ್ಲಿ ಬ್ರಿಟನ್ ಮತ್ತು ಅಮೆರಿಕದ ಸಂಶೋಧಕರು ಸತ್ತ ನಾಯಿಗಳ, ತೋಳಗಳ ಮುಖದ ಸ್ನಾಯುಗಳನ್ನು ಒಂದೊಂದಾಗಿ ಬಿಡಿಸಿ ಹೋಲಿಸಿದರು. ಮುಖ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇದ್ದದ್ದು ಕಣ್ಣಿನ ಸುತ್ತ. ಹುಬ್ಬಿನ ಒಳತುದಿಯನ್ನು ಎತ್ತುವ ಪುಟ್ಟ ಸ್ನಾಯು ಅವರು ನೋಡಿದ ಎಲ್ಲ ನಾಯಿಗಳಲ್ಲೂ ಇತ್ತು. ತೋಳಗಳಲ್ಲಿ ಆ ಜಾಗದಲ್ಲಿ ಸಿಕ್ಕಿದ್ದು ಬರೀ ನಾಲ್ಕಾರು ಎಳೆ. ನಾಯಿ ಮನುಷ್ಯನ ಜೊತೆ ಬಂದು 15,000 ವರ್ಷಕ್ಕೂ ಜಾಸ್ತಿಯಾಗಿದೆ. ಒಂದು ಸ್ನಾಯು ಹೀಗೆ ಬೆಳೆದು ನಿಲ್ಲುವುದಕ್ಕೆ ವಿಕಾಸದ ಲೆಕ್ಕದಲ್ಲಿ ಅದು ತೀರಾ ಕಡಿಮೆ ಸಮಯ. ಆ ಹುಬ್ಬು ಎದ್ದಾಗ ಕಣ್ಣು ದೊಡ್ಡದಾಗಿ, ಮಗುವಿನ ಕಣ್ಣಿನ ಹಾಗೆ ಕಾಣುತ್ತದೆ. ಬೇಸರವಾದಾಗ ನಮ್ಮ ಹುಬ್ಬು ಏಳುವುದೂ ಹಾಗೇ. ಹಾಗೆ ನೋಡಿದ ನಾಯಿಗೆ ಒಂದು ತುತ್ತು ಜಾಸ್ತಿ ಸಿಕ್ಕಿರಬೇಕು, ಬೆಂಕಿಯ ಹತ್ತಿರ ಮಲಗಲು ಜಾಗ ಸಿಕ್ಕಿರಬೇಕು. 2013ರ ಒಂದು ಅಧ್ಯಯನವೂ ಇದಕ್ಕೆ ಹೊಂದುತ್ತದೆ. ಆಶ್ರಯ ಕೇಂದ್ರಗಳಲ್ಲಿದ್ದ ನಾಯಿಗಳ ಪೈಕಿ ಹುಬ್ಬನ್ನು ಹೆಚ್ಚು ಸಲ ಎತ್ತಿದವುಗಳಿಗೆ ಬೇಗ ಮನೆ ಸಿಕ್ಕಿತ್ತು.

ಕರಿಯ ಹಾಗೆ ನೋಡುವುದು ಮುದ್ದೆಗಾಗಿ ಅಂತಲೇ ನಾನು ಅಂದುಕೊಂಡಿದ್ದೆ. ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದವರು 2017ರಲ್ಲಿ ಇದನ್ನೇ 24 ನಾಯಿಗಳಲ್ಲಿ ಪರೀಕ್ಷಿಸಿದರು. ಒಬ್ಬರು ನಾಯಿಯ ಮುಂದೆ ನಿಲ್ಲುತ್ತಾರೆ. ಒಮ್ಮೆ ಮುಖ ಕೊಟ್ಟು, ಒಮ್ಮೆ ಬೆನ್ನು ಹಾಕಿ. ಒಮ್ಮೆ ಕೈಯಲ್ಲಿ ತಿಂಡಿ ಇರುತ್ತದೆ, ಒಮ್ಮೆ ಇರುವುದಿಲ್ಲ. ಮನುಷ್ಯರ ಮುಖ ತಮ್ಮ ಕಡೆಗಿದ್ದಾಗ ನಾಯಿಗಳ ಮುಖವೂ ಜಾಸ್ತಿ ಆಡಿತು. ತಿಂಡಿಯಿಂದ ಏನೂ ಹೆಚ್ಚಲಿಲ್ಲ! ಓದಿದ ದಿನವೇ ನಾನು ತಟ್ಟೆ ಹಿಡಿದು ಗೋಡೆಗೆ ಮುಖ ಮಾಡಿ ಕೂತೆ. ಮಗಳು ಬಾಗಿಲ ಮರೆಯಿಂದ ನೋಡುತ್ತಿದ್ದಳು. ‘ಇಲ್ಲಪ್ಪಾ, ಸುಮ್ನೆ ಕೂತಿದ್ದಾನೆ’ ಅಂದಳು. ತಿರುಗಿದೆ. ಎರಡೂ ಬೊಟ್ಟು ಮೇಲಕ್ಕೆದ್ದವು. ಒಂದು ಮನೆಯ ಒಂದು ನಾಯಿಯಿಂದ ಏನೂ ಸಾಬೀತಾಗುವುದಿಲ್ಲ, ಗೊತ್ತು. ಆದರೂ ಅವತ್ತು ನನ್ನ ಗಂಟಲು ಕಟ್ಟಿತು.

ಅವನ ಬಲಗಿವಿ ನೆಟ್ಟಗೆ ನಿಂತಿದೆ, ಎಡಗಿವಿ ಅರ್ಧಕ್ಕೆ ಮಡಚಿಕೊಂಡಿದೆ. ನಾಲ್ಕೂ ಪಾದದ ತುದಿ ಬಿಳಿ. ಕಿವಿಗೂ ಪಾದಕ್ಕೂ ಏನು ಸಂಬಂಧ? ಇರಬಹುದು ಅನ್ನುತ್ತದೆ 2014ರಲ್ಲಿ ಮೂವರು ವಿಜ್ಞಾನಿಗಳು ಮುಂದಿಟ್ಟ ಒಂದು ಊಹೆ. ಮರಿ ಇನ್ನೂ ಭ್ರೂಣವಾಗಿರುವಾಗ ಅದರ ಬೆನ್ನಿನ ಗೆರೆಯಲ್ಲಿ ನ್ಯೂರಲ್ ಕ್ರೆಸ್ಟ್ ಎಂಬ ಕೋಶಗಳು ಹುಟ್ಟಿ, ಮೈಯ ತುಂಬ ಹರಡುತ್ತವೆ. ಬಣ್ಣದ ಕೋಶಗಳು, ತಲೆಯ ಎಷ್ಟೋ ಎಲುಬು, ಮೃದ್ವಸ್ಥಿ, ಹೆದರಿಕೆಯ ಹಾರ್ಮೋನು ಸುರಿಸುವ ಅಡ್ರಿನಲ್ ಗ್ರಂಥಿಯ ಒಳಭಾಗ, ಎಲ್ಲಕ್ಕೂ ಇವೇ ಮೂಲ. ಹೆದರಿಕೆ ಕಡಿಮೆಯಿರುವ ಪ್ರಾಣಿಗಳನ್ನೇ ತಲೆತಲಾಂತರ ಆರಿಸಿ ಸಾಕಿದರೆ ಈ ಕೋಶಗಳೂ ಸ್ವಲ್ಪ ಕಡಿಮೆಯಾಗುತ್ತವೆ. ಆಗ ಬೆನ್ನಿನಿಂದ ತೀರಾ ದೂರದ ಪಾದಕ್ಕೆ, ಎದೆಗೆ ಬಣ್ಣ ತಲುಪುವುದಿಲ್ಲ, ಕಿವಿಗೂ ಬಿಗಿ ಸಾಲುವುದಿಲ್ಲ. ಎಲ್ಲರೂ ಇದನ್ನು ಒಪ್ಪಿಲ್ಲ. ಆದರೆ ಆ ಮಡಚಿದ ಕಿವಿಯನ್ನು ಬೆರಳಲ್ಲಿ ಸವರುವಾಗೆಲ್ಲ ನನಗೆ ಇದು ನೆನಪಾಗುತ್ತದೆ. ಯಾವುದೋ ಕಾಲದಲ್ಲಿ ಮನುಷ್ಯನಿಗೆ ಹೆದರದೆ ಹತ್ತಿರ ಬಂದ ಪ್ರಾಣಿಯ ಗುರುತು ಇದೇ ಆಗಿರಬಹುದಲ್ಲ ಅನ್ನಿಸುತ್ತದೆ.

ಬೆಳಿಗ್ಗೆ ನನ್ನನ್ನು ಎಬ್ಬಿಸುವುದು ಅವನ ಮೂಗು. ಹಾಸಿಗೆಯಿಂದ ಹೊರಗಿರುವ ನನ್ನ ಅಂಗಾಲಿಗೆ ತಣ್ಣಗೆ, ಒದ್ದೆಯಾಗಿ ತಾಗುತ್ತದೆ. ಹತ್ತಿರದಿಂದ ನೋಡಿದರೆ ಹೊಳ್ಳೆಗಳ ಪಕ್ಕದಲ್ಲಿ ಅಲ್ಪವಿರಾಮದಂಥ ಸೀಳು ಕಾಣುತ್ತದೆ. ಉಸಿರು ಹೊರಗೆ ಹೋಗುವುದು ಅಲ್ಲಿಂದ, ಪಕ್ಕಕ್ಕೆ, ಹಿಂದಕ್ಕೆ. ಮುಂದಿನ ವಾಸನೆ ಚದುರುವುದಿಲ್ಲ. ಸೆಕೆಂಡಿಗೆ ಸುಮಾರು 5 ಸಲ ಹೀಗೆ ಮೂಸಬಲ್ಲ. ಅಷ್ಟು ಹೊತ್ತಿನಲ್ಲಿ ಅವನಿಗೆ ನನ್ನ ಬಗ್ಗೆ ಏನೇನು ಗೊತ್ತಾಗುತ್ತದೋ!

ಪಾದದ ಮೆತ್ತೆಗೆ ಪಾಪ್‌ಕಾರ್ನ್ ವಾಸನೆ. ಬೆವರುವ ಗ್ರಂಥಿಗಳು ಅಲ್ಲಿವೆ, ಆ ತೇವದಲ್ಲಿ ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ. ಅವನು ನಿದ್ದೆ ಹೋದಾಗ ಮಗಳು ಕದ್ದು ಮೂಸಿ ನೋಡುತ್ತಿದ್ದಳು.

ಈಗ ಕರಿಯನಿಗೆ 11 ವರ್ಷ. ಮೂತಿ ಪೂರ್ತಿ ನರೆತಿದೆ. ಕಣ್ಣಿನ ಮೇಲಿನ ಬೊಟ್ಟುಗಳ ಸುತ್ತಲೂ ಬಿಳಿ ಕೂದಲು ಬಂದು, ಬೆಲ್ಲದ ಬಣ್ಣ ಎಲ್ಲಿ ಮುಗಿಯಿತು ಅಂತ ತಿಳಿಯುವುದಿಲ್ಲ. ಮಗಳು ಬೇರೆ ಊರಿನಲ್ಲಿ ಓದುತ್ತಿದ್ದಾಳೆ. ವಿಡಿಯೊ ಕಾಲ್ ಮಾಡಿದಾಗ ‘ಹುಬ್ಬು ತೋರಿಸಪ್ಪಾ’ ಅನ್ನುತ್ತಾಳೆ. ಫೋನನ್ನು ಅವನ ಮುಂದೆ ಹಿಡಿದರೆ ಅವನು ಅದನ್ನು ನೋಡುವುದಿಲ್ಲ. ಅದರ ಹಿಂದಿರುವ ನನ್ನ ಮುಖ ನೋಡುತ್ತಾನೆ, ಹಣೆಯಲ್ಲಿ ಆ ಸಣ್ಣ ಸುಕ್ಕು ಬೀಳುತ್ತದೆ.